ಬಿರಡೆ ಸಡಿಲಿಸಿ, ಇಲ್ಲದಿದ್ದರೆ ದಂಡಿ ಬಾಗೀತು!

ಪುತ್ತೂರು, ಸುಳ್ಯ, ಕಡಬದ ವೀಣೆ ಇದ್ದ ಮನೆಯವರೇ, ಆಟಿಯ ಮಳೆಯಲ್ಲಿ ಅದರ ಕುತ್ತಿಗೆ ಸ್ವಲ್ಪ ನೋಡಿಕೊಳ್ಳಿ. ಥಂಡಿಗೆ ಮರ ಉಬ್ಬುತ್ತದೆ. 7 ತಂತಿಗಳ ಎಳೆತ ಹಗಲು ರಾತ್ರಿ ಬಿಡುವುದಿಲ್ಲ. ಸಾಮಾನ್ಯವಾಗಿ ಮೊದಲು ಬಾಯಿ ಬಿಡುವುದು ಕೊಡಕ್ಕೆ ದಂಡಿ ಸೇರುವ ಸಂದು. ಈಗಿನ ಗಿಟಾರಿನ ಕುತ್ತಿಗೆಯೊಳಗೆ ಉಕ್ಕಿನ ಸರಳು ಉಂಟು. ನಮ್ಮ ವೀಣೆಯ ದಂಡಿ ಟೊಳ್ಳು ಮಾರಾಯ್ರೇ! ತಂಜಾವೂರಿನ ‘ಏಕಾಂಡ’ ವೀಣೆಯನ್ನು ಒಂದೇ ಹಲಸಿನ ದಿಮ್ಮಿಯಲ್ಲಿ ಕೊರೆಯುತ್ತಾರೆ, ಅದಕ್ಕೆ ಈ ಸಂದೇ ಇಲ್ಲ. (ಹಲಸಿಗೆ ನಮ್ಮಲ್ಲೇನು ಬರವೇ?)

ಸಂದು ಬಿಟ್ಟಿತೆಂದು ಮೊಳೆ ಮಾತ್ರ ಹೊಡೆಸಬೇಡಿ. ನಮ್ಮಜ್ಜಿಯ ವೀಣೆ ಸೀಳಿದ್ದು ಹಾಗೆಯೇ. ಹಳೆ ಅಂಟು ಕೆರೆದು, ಒಳಗಿನಿಂದ ಗಟ್ಟಿ ಮರದ ಪಟ್ಟಿ ಅಂಟಿಸಿ, ಬಿಗಿದು ಒಣಗಿಸಬೇಕು. ಆಮೇಲೆ 24 ಮೆಟ್ಟಿಲನ್ನೂ ಮೇಣದಲ್ಲಿ ಹೊಸತಾಗಿ ಕೂರಿಸಬೇಕು. ವಾದ್ಯ ಬಲ್ಲವರಿಗೇ ಕೊಡಿ. ತಿಂಗಳುಗಟ್ಟಲೆ ನುಡಿಸದೆ ಇಡುವುದಾದರೆ, ಇವತ್ತೇ ಬಿರಡೆ ಸ್ವಲ್ಪ ಸಡಿಲಿಸಿ.