ಶಾಸನಗಳಲ್ಲಿ ಕಾಣುವ ‘ತಾಜಿಕ’ ಶಬ್ದದ ವಿಚಾರ

ಚಾಲುಕ್ಯ ರಾಷ್ಟ್ರಕೂಟರ ಸಂಸ್ಕೃತ ಶಾಸನಗಳಲ್ಲಿ ‘ತಾಜಿಕ’ ಎಂಬ ಶಬ್ದವು ಬರುತ್ತದೆ. ಇದಕ್ಕೆ ‘ಯವನರು’ ಎಂದೋ ‘ತುರುಷ್ಕರು’ ಎಂದೋ ಅರ್ಥವನ್ನು ಬರೆದು ಮುಂದೆ ಸಾಗುವುದುಂಟು. ಹಾಗೆ ಮಾಡಿದಲ್ಲಿ ಬೇರೆ ಬೇರೆ ಜನಾಂಗಗಳು ಒಂದಾಗಿ ಕಾಲವಿವೇಚನೆಯು ಕೆಡುತ್ತದೆ. ಆದುದರಿಂದ ಈ ಶಬ್ದವು ಯಾರನ್ನು ಹೇಳುತ್ತದೆ, ನಮ್ಮಲ್ಲಿಗೆ ಹೇಗೆ ಬಂದಿತು ಎಂಬುದನ್ನು ಇಲ್ಲಿ ವಿಚಾರಿಸುತ್ತೇವೆ.

ಅರಬ್ಬರಲ್ಲಿ ‘ತಯ್ಯಿ’ ಎಂಬುದೊಂದು ಕುಲ. ಪಾರಸಿಕರು ಈ ಕುಲದ ಹೆಸರಿನಿಂದಲೇ ಅರಬ್ಬರೆಲ್ಲರನ್ನೂ ‘ತಾಜೀಕ’ರೆಂದು ಕರೆದರು. ಸಂಸ್ಕೃತದ ‘ತಾಜಿಕ’ವು ಇದರಿಂದ ಬಂದುದು. ಆದಕಾರಣ ಶಾಸನಗಳ ಈ ಪದವು ಜನವಾಚಕವೇ ಹೊರತು ಮತವಾಚಕವಲ್ಲ. ಅರಬ್ಬರ ಹೆಸರು ಪಾರಸಿಕರ ಬಾಯಿಂದ ನಮಗೆ ಬಂದಿತೆಂಬುದನ್ನು ನೆನಪಿನಲ್ಲಿಡಬೇಕು. ಅವರ ರಾಜ್ಯವು ಪೂರ್ವಕ್ಕೆ ಬಂದ ದಾರಿಯೂ ಅದೇ.

ಕ್ರಿ. ಶ. 632ರಲ್ಲಿ ಪೈಗಂಬರ ಮಹಮ್ಮದರು ಕಾಲವಾದ ಮೇಲೆ ಅವರ ಸ್ಥಾನದಲ್ಲಿ ನಿಂತು ಆಳಿದವರಿಗೆ ಖಲೀಫರೆಂದು ಹೆಸರು. ಅಬೂಬಕರ್ (632–634), ಉಮರ್ (634–644), ಉಸ್ಮಾನ್ (644–656), ಅಲಿ (656–661) ಇವರು ಮೊದಲಿನ ನಾಲ್ವರು. ಉಮರರ ಕಾಲದಲ್ಲಿ ಸಿರಿಯಾ, ಈಜಿಪ್ಟು ದೇಶಗಳು ಅರಬ್ಬರ ಕೈಸೇರಿದುವು. 642ರ ನಿಹಾವಂದದ ಯುದ್ಧದಲ್ಲಿ ಪಾರಸಿಕರ ಬಲವು ಮುರಿಯಿತು. ಈ ಶೀಘ್ರ ವಿಸ್ತಾರಕ್ಕೆ ಕಾರಣಗಳುಂಟು. ರೋಮಕರೂ ಪಾರಸಿಕರೂ 602ರಿಂದ 628ರ ವರೆಗೆ ತಮ್ಮೊಳಗೆ ಕಾದಾಡಿ ಬಳಲಿದ್ದರು. ಗೆದ್ದ ನಾಡುಗಳ ಕ್ರೈಸ್ತ, ಯೆಹೂದ್ಯ ಮೊದಲಾದ ಪ್ರಜೆಗಳು ಜಿಜಿಯಾ ತೆರಿಗೆಯನ್ನು ತೆತ್ತು ಸ್ವಮತದಲ್ಲಿಯೇ ಇರಬಹುದಾಗಿತ್ತು. ಹಳೆಯ ಲೆಕ್ಕಿಗರೂ ಬಹುಕಾಲ ಉದ್ಯೋಗದಲ್ಲಿಯೇ ಉಳಿದರು.

ಆಗ ಬಾದಾಮಿಯಲ್ಲಿ ಆಳುತ್ತಿದ್ದವನು ಇಮ್ಮಡಿ ಪುಲಕೇಶಿ. ಪಾರಸಿಕ ದೊರೆಯಾದ ಎರಡನೆಯ ಖುಸ್ರುವಿಗೂ ಇವನಿಗೂ ಪತ್ರವ್ಯವಹಾರವಿದ್ದಿತೆಂದು ಅರಬ್ಬೀ ಇತಿಹಾಸಕಾರನಾದ ತಬರಿಯ ಗ್ರಂಥದಿಂದ ಊಹಿಸುತ್ತಾರೆ. ಆ ಖುಸ್ರುವಿನ ವಂಶವು 651ರಲ್ಲಿ ಅಳಿಯಿತು. ಬಳಿಕ ದಮಸ್ಕಸ್ಸಿನಲ್ಲಿ ಆಳಿದ ಉಮಯ್ಯದ ಖಲೀಫರ (661–750) ಸೇನಾನಿ ಮಹಮ್ಮದ್ ಬಿನ್ ಕಾಸಿಮನು 711–712ರಲ್ಲಿ ಸಿಂಧುದೇಶವನ್ನು ಗೆದ್ದನು.

ಅಲ್ಲಿಂದ ಮುಂದಿನ ಕಥೆಯನ್ನು ಗುಜರಾತಿನ ನವಸಾರಿಯ ತಾಮ್ರಪಟವು ಹೇಳುತ್ತದೆ. ಇದರ ಕಾಲವು ಕಲಚುರಿ ಸಂವತ್ಸರ 490, ಎಂದರೆ ಕ್ರಿ. ಶ. 739, ಆಗ ಹಿಶಾಮನು ಖಲೀಫನು. ಬಾದಾಮಿಯ ಮನೆತನದ ಶಾಖೆಯೊಂದು ಲಾಟದೇಶವನ್ನು ಆಳುತ್ತಿದ್ದಿತು. ತಾಜಿಕಸೈನ್ಯವು ಸೈಂಧವ, ಕಚ್ಛೇಲ್ಲ, ಸೌರಾಷ್ಟ್ರ, ಚಾವೋಟಕ, ಮೌರ್ಯ, ಗುರ್ಜರಾದಿ ಅರಸರನ್ನು ಮುರಿದು ದಕ್ಷಿಣಾಪಥವನ್ನು ಹೊಗಬೇಕೆಂದು ನವಸಾರಿಕೆಗೆ ಬಂದಾಗ, ಆ ಶಾಖೆಯ ಅವನಿಜನಾಶ್ರಯ ಪುಲಕೇಶಿಯು ಅದನ್ನು ಸೋಲಿಸಿದನು. ಇಮ್ಮಡಿ ವಿಕ್ರಮಾದಿತ್ಯನು ಮೆಚ್ಚಿ ‘ಅನಿವರ್ತಕನಿವರ್ತಯಿತೃ’, ಎಂದರೆ ಹಿಮ್ಮೆಟ್ಟದವರನ್ನು ಹಿಮ್ಮೆಟ್ಟಿಸಿದವನು, ಎಂಬುದೇ ಮೊದಲಾದ ಬಿರುದುಗಳನ್ನು ಕೊಟ್ಟನು. ಇಲ್ಲಿ ತಾಜಿಕನು ಶತ್ರು.

ಸುಮಾರು ಇನ್ನೂರು ವರ್ಷಗಳು ಕಳೆದ ಮೇಲೆ ಇದೇ ಶಬ್ದವು ಬೇರೆ ಬೆಳಕಿನಲ್ಲಿ ಕಾಣುತ್ತದೆ. 851ರಲ್ಲಿ ಸುಲೈಮಾನನ ಹೆಸರಿನ ಅರಬ್ಬೀ ವೃತ್ತಾಂತವು ‘ಬಲ್ಹರಾ’, ಎಂದರೆ ವಲ್ಲಭರಾಜನು, ಅರಬ್ಬರಲ್ಲಿ ಬಹಳ ವಿಶ್ವಾಸವುಳ್ಳವನೆಂದು ಹೊಗಳಿತು. ಅದು ಮಾನ್ಯಖೇಟದಲ್ಲಿ ನೃಪತುಂಗನ ಆಳಿಕೆಯ ಕಾಲ. ಶಕ 848ರ (926) ಚಿಂಚಣಿಯ ತಾಮ್ರಪಟವು ರಾಷ್ಟ್ರಕೂಟ ಮುಮ್ಮಡಿ ಇಂದ್ರನದು. ಇದರಂತೆ ಇಮ್ಮಡಿ ಕೃಷ್ಣನು ಸಂಯಾನಮಂಡಲವನ್ನು, ಎಂದರೆ ಕೊಂಕಣದ ಉತ್ತರದ ಸಂಜಾನವನ್ನು, ‘ಮಧುಮತಿ’ ಎಂಬ ತಾಜಿಕನಿಗೆ ವಹಿಸಿದ್ದನು. ಮಧುಮತಿಯೆಂಬುದು ಮಹಮ್ಮದನೆಂಬುದರ ಸಂಸ್ಕೃತರೂಪ. ಇವನು ಹೊಳೆ ದಾಟುವವರಿಗೆ ಕೂಲಿಯಿಲ್ಲದ ದೋಣಿಗಳನ್ನಿಡಿಸಿದನು. ಅಕ್ಕಿಯ ಅನ್ನವನ್ನೂ ತುಪ್ಪವನ್ನೂ ಬಡಿಸುವ ಸತ್ರವನ್ನು ನಡೆಯಿಸಿದನು. ದೇವಿಯ ನೈವೇದ್ಯವುಳ್ಳ ಮಠಿಕೆಯೊಂದಕ್ಕೆ ಇವನ ಕಾಲದಲ್ಲಿಯೇ ಗ್ರಾಮದಾನವಾಯಿತು. ನಂಜನಗೂಡು ಸೀಮೆಯ ಚಿಕ್ಕಯ್ಯನಛತ್ರದಂತೆ ಛತ್ರದ ಹೆಸರನ್ನೇ ಹೊತ್ತ ಊರುಗಳುಳ್ಳ ನಮಗೆ ಇಂತಹ ಧರ್ಮಕಾರ್ಯದ ಬೆಲೆಯನ್ನು ವಿವರಿಸಬೇಕಾಗಿಲ್ಲ. ಇಲ್ಲಿ ತಾಜಿಕನು ರಾಜಾಧಿಕಾರಿ.

ಶಾಸ್ತ್ರದಲ್ಲಿಯೂ ಈ ಶಬ್ದವು ನೆಲೆಸಿತು. ವರ್ಷಫಲವನ್ನು ಹೇಳುವ ಜ್ಯೋತಿಷಕ್ಕೆ ‘ತಾಜಿಕ’ವೆಂದೇ ಹೆಸರು, ನೀಲಕಂಠನು 1587ರಲ್ಲಿ ರಚಿಸಿದ ‘ತಾಜಿಕನೀಲಕಂಠೀ’ ಪ್ರಸಿದ್ಧವಾದುದು. ಅದರ ಇತ್ಥಶಾಲ, ಇಕ್ಕವಾಲ, ಸಹಮಗಳು ಅರಬ್ಬಿಯ ಇತ್ತಿಸಾಲ್, ಇಕ್ಬಾಲ್, ಸಹಮ್ ಎಂಬುವೇ. ಕನ್ನಡ ಕಾವ್ಯಗಳಲ್ಲಿ ಕುದುರೆಗೆ ಬರುವ ‘ತೇಜಿ’ಯೂ ಅರಬ್ಬೀ ಕುದುರೆಯನ್ನು ಹೇಳುವ ಪಾರಸಿಯ ‘ತಾಜಿ’ಗೆ ಸಂಬಂಧಿಸಿದುದು; ತೇಜಸ್ಸಿನಿಂದ ಅದನ್ನು ಸಾಧಿಸಬೇಕಾಗಿಲ್ಲ.

ನವಸಾರಿಯ ಪಟವೊಂದನ್ನೇ ಓದಿದವನು ಅರಬ್ಬರಿಗೂ ನಮಗೂ ಯುದ್ಧವೇ ಸಂಬಂಧವೆಂದಾನು. ಚಿಂಚಣಿಯದೊಂದನ್ನೇ ಓದಿದವನು ಸ್ನೇಹವೇ ಸಂಬಂಧವೆಂದಾನು. ಎರಡು ಪಟಗಳೂ ಕರ್ಣಾಟಕದ ಅರಸುಮನೆತನಗಳವೇ, ಎರಡೂ ಪ್ರಮಾಣಗಳೇ. ಶಾಸನದ ಕಾಲವನ್ನೂ ಸಂದರ್ಭವನ್ನೂ ಮೊದಲು ನೋಡಿ, ಬಳಿಕ ಶಬ್ದಕ್ಕೆ ಅರ್ಥವನ್ನು ಹೇಳುವುದೇ ಪಾಠಕರಿಗೆ ಉಚಿತವಾದ ಮಾರ್ಗ.