ಥಂಡಿಗಲ್ಲ, ಏಪ್ರಿಲ್ ಬಿಸಿಲಿಗೆ ಅಂಜಬೇಕು

2024ರ ಜನವರಿಯ ಕಡುಚಳಿಯಲ್ಲಿ ಅಮೆರಿಕದ ಶಿಕಾಗೋದಲ್ಲಿ ಟೆಸ್ಲಾ ಕಾರುಗಳು ಚಾರ್ಜಿಂಗ್ ಕೇಂದ್ರಗಳ ಮುಂದೆ ಸಾಲುಗಟ್ಟಿ ನಿಂತವು. ಕೆಲವು ಅಲ್ಲೇ ಕೆಟ್ಟು ಕುಳಿತವು. ಅಂಥ ಸುದ್ದಿ ಓದಿದ ಮೇಲೆ, ಎಲೆಕ್ಟ್ರಿಕ್ ಕಾರು ಕೊಳ್ಳಲು ಹೊರಟ ಬೈಲಹೊಂಗಲದ ಮನೆಯಲ್ಲೂ ಥಂಡಿಯಲ್ಲಿ ಬ್ಯಾಟರಿಯ ಗತಿ ಏನೆಂಬ ಪ್ರಶ್ನೆ ಏಳುವುದು ಸಹಜ.

ಲಿಥಿಯಂ ಬ್ಯಾಟರಿಯೊಳಗೆ ಅಯಾನುಗಳು ಒಂದು ದ್ರಾವಣದಲ್ಲಿ ಆಚೀಚೆ ಓಡಾಡುತ್ತಿರುತ್ತವೆ. ಚಳಿಗೆ ಅವುಗಳ ಓಟ ಮಂದವಾಗುತ್ತದೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಜೋರಾಗಿ ಚಾರ್ಜ್ ಮಾಡಿದರೆ ಲಿಥಿಯಂ ಒಳಗಿಳಿಯದೆ ಗ್ರಾಫೈಟಿನ ಮೇಲೆ ಲೋಹದ ಪದರವಾಗಿ ಕೂರುತ್ತದೆ; ಆ ಹಾನಿ ಪೂರ್ತಿ ಸರಿಹೋಗದು. ಅಮೆರಿಕದ ವಾಹನ ಸಂಘ ಎಎಎ 2019ರಲ್ಲಿ ಪರೀಕ್ಷಿಸಿದಾಗ, ಮೈನಸ್ 7 ಡಿಗ್ರಿಯಲ್ಲಿ ಹೀಟರ್ ಹಾಕಿದ ಕಾರುಗಳು ಒಂದು ಚಾರ್ಜಿಗೆ ಓಡುವ ದೂರ ಸರಾಸರಿ ಶೇ. 41ರಷ್ಟು ಕುಗ್ಗಿತು. ಹೀಟರ್ ಇಲ್ಲದಿದ್ದರೆ ಶೇ. 12 ಮಾತ್ರ. ಚಾರ್ಜ್ ತಿಂದದ್ದು ಹೆಚ್ಚಾಗಿ ಹೀಟರೇ.

ನಮ್ಮಲ್ಲಿ ಹೀಟರ್ ಹಾಕುವವರು ಯಾರು? ಕಿತ್ತೂರಿನಲ್ಲಿ ಮಂಜು ಮುಸುಕಿದ ಬೆಳಗಿನಲ್ಲೂ ಉಷ್ಣಾಂಶ ಸೊನ್ನೆಯ ಹತ್ತಿರ ಸುಳಿಯುವುದಿಲ್ಲ. 2001ರಲ್ಲಿ ಬೆಂಗಳೂರಿನಿಂದ ಹೊರಬಂದ ಪುಟ್ಟ ಎಲೆಕ್ಟ್ರಿಕ್ ಕಾರು ರೇವಾ, ಜಿ-ವಿಜ್ ಎಂಬ ಹೆಸರಿನಲ್ಲಿ ಲಂಡನ್ನಿನ ಚಳಿಯಲ್ಲೇ ಓಡಿತು, ಅದೂ ಹಳೆಯ ಲೆಡ್-ಆಸಿಡ್ ಬ್ಯಾಟರಿ ಹೊತ್ತು. ಕಾರಿಗೆ ಕಂಬಳಿ ಹೊದಿಸುವ ಉಸಾಬರಿ ಬೇಡ.

ಆದರೂ ಹೊಸ್ತಿಲ ಹುಣ್ಣಿಮೆಯಿಂದ ಭಾರತ ಹುಣ್ಣಿಮೆವರೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗಿಬರುವವರು ಕೆಲವು ಸಂಗತಿ ಗಮನಿಸಬೇಕು. ರಾತ್ರಿ ಮನೆಗೆ ಬಂದ ಕೂಡಲೇ, ಬ್ಯಾಟರಿ ಬೆಚ್ಚಗಿರುವಾಗಲೇ ಚಾರ್ಜಿಗೆ ಹಾಕುವುದು ಒಳ್ಳೆಯದು. ಬ್ಯಾಟರಿ ತುಂಬಿದ್ದರೆ ಅಥವಾ ತಣ್ಣಗಿದ್ದರೆ, ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ವೇಗ ತಗ್ಗಿಸಿ ಚಾರ್ಜ್ ತುಂಬುವ ವ್ಯವಸ್ಥೆ ದುರ್ಬಲವಾಗುತ್ತದೆ. ಗುಡ್ಡ ಇಳಿಯುವಾಗ ಬ್ರೇಕ್ ಒತ್ತಲು ಕಾಲು ಸಿದ್ಧವಾಗಿರಲಿ. ಟೈರಿನ ಗಾಳಿಯನ್ನು ಬೆಳಗ್ಗೆ, ಗಾಡಿ ಓಡಿಸುವ ಮೊದಲೇ ನೋಡಬೇಕು. ಹತ್ತು ಡಿಗ್ರಿ ಇಳಿದರೆ ಸುಮಾರು 2 ಪಿಎಸ್‌ಐ ಇಳಿಯುತ್ತದೆ, ಗಾಳಿ ಕಮ್ಮಿಯಾದಷ್ಟೂ ಚಾರ್ಜ್ ಬೇಗ ಕರಗುತ್ತದೆ. ಕಾರು ಬೆಳಗ್ಗೆ ಎಚ್ಚರವಾಗದಿದ್ದರೆ ದೊಡ್ಡ ಬ್ಯಾಟರಿಯನ್ನು ಶಂಕಿಸುವ ಮೊದಲು 12 ವೋಲ್ಟಿನ ಚಿಕ್ಕದನ್ನು ಪರೀಕ್ಷಿಸಬೇಕು. ಅದು ಸತ್ತರೆ ದೊಡ್ಡದು ತುಂಬಿದ್ದರೂ ಗಾಡಿ ಏಳದು.

ನಿಜವಾದ ವೈರಿ ಬರುವುದು ಯುಗಾದಿಯ ನಂತರ. ರಾಮದುರ್ಗದ ಏಪ್ರಿಲ್ ಬಿಸಿಲಿನಲ್ಲಿ ಪೂರ್ತಿ ಚಾರ್ಜ್ ಆದ ಕಾರನ್ನು ದಿನಗಟ್ಟಲೆ ಬಯಲಲ್ಲಿ ನಿಲ್ಲಿಸಿದರೆ ಬ್ಯಾಟರಿಯ ಆಯಸ್ಸು ಸದ್ದಿಲ್ಲದೆ ಸವೆಯುತ್ತದೆ. ಚಳಿಯಲ್ಲಿ ಕುಗ್ಗಿದ ಓಟ ಬೆಚ್ಚಗಾದ ಮೇಲೆ ಮರಳುತ್ತದೆ, ಬಿಸಿಲಿಗೆ ಸವೆದದ್ದು ಮರಳದು. ಬೇವಿನ ನೆರಳು ಸಿಕ್ಕರೆ ಅಲ್ಲೇ ನಿಲ್ಲಿಸಿ, ಮಧ್ಯಾಹ್ನದ ಫಾಸ್ಟ್ ಚಾರ್ಜಿಂಗ್ ಆದಷ್ಟು ಕಡಿಮೆ ಮಾಡಿ.

ದಿನನಿತ್ಯ ಚಾರ್ಜನ್ನು ಶೇ. 80ಕ್ಕೆ ನಿಲ್ಲಿಸಬೇಕೆಂಬುದು ಎಲ್ಲ ಕಾರಿಗೂ ಒಂದೇ ನಿಯಮವಲ್ಲ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯ ಕಾರುಗಳಿಗೆ ಆಗಾಗ ಶೇ. 100 ತುಂಬಿಸುವಂತೆ ಕಂಪನಿಗಳೇ ಹೇಳುತ್ತವೆ. ನಿಮ್ಮ ಕಾರಿನದು ಯಾವ ಬ್ಯಾಟರಿ ಎಂದು ಕೈಪಿಡಿಯಲ್ಲಿ ಇವತ್ತೇ ನೋಡಿಕೊಳ್ಳಿ.