ಸ್ತನದ ಗಂಟು: ನೋವು ಬರುವ ಮುನ್ನವೇ ತೋರಿಸಿರಿ



“ಗಂಟು ಇದ್ದದ್ದು ತಿಳಿದಿತ್ತು, ನೋವಿರಲಿಲ್ಲವಲ್ಲ, ಅದಕ್ಕೇ ತೋರಿಸಲಿಲ್ಲ.” ಸ್ತನ ಕ್ಯಾನ್ಸರ್ ಬಲಿತ ಮೇಲೆ ಚಿಕಿತ್ಸೆಗೆ ಬರುವವರ ಬಾಯಿಂದ ನಾವು ಮತ್ತೆ ಮತ್ತೆ ಕೇಳುವ ಮಾತಿದು. ನೋವಿದ್ದರೆ ಮಾತ್ರ ರೋಗವೆಂಬ ಎಣಿಕೆ ನಮ್ಮ ಮನೆಗಳಲ್ಲಿ ಬೇರೂರಿದೆ. ಈ ರೋಗದ ವಿಷಯದಲ್ಲಿ ಆ ಎಣಿಕೆಯೇ ಪ್ರಾಣಕ್ಕೆ ಎರವಾಗುತ್ತಿದೆ. ಸ್ತನ ಕ್ಯಾನ್ಸರಿನ ಗಂಟು ಆರಂಭದಲ್ಲಿ ಬಹುಮಟ್ಟಿಗೆ ನೋಯುವುದಿಲ್ಲ. ನೋವು ತೋರುವ ವೇಳೆಗೆ ರೋಗವು ಬಹುದೂರ ಸಾಗಿರುತ್ತದೆ.

ಭಾರತದ ಮಹಿಳೆಯರನ್ನು ಬಾಧಿಸುವ ಕ್ಯಾನ್ಸರುಗಳಲ್ಲಿ ಇಂದು ಮೊದಲ ಸ್ಥಾನ ಇದರದೇ. ಅಂದಾಜಿನಂತೆ 2022ರಲ್ಲಿ ನಮ್ಮ ದೇಶದ ಸುಮಾರು 1.92 ಲಕ್ಷ ಮಹಿಳೆಯರಲ್ಲಿ ಇದು ಹೊಸದಾಗಿ ಕಾಣಿಸಿಕೊಂಡಿತು. ಸುಮಾರು 98 ಸಾವಿರ ಮಂದಿ ಅಸುನೀಗಿದರು. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 30ರಿಂದ 49 ವರ್ಷದ ಮಹಿಳೆಯರಲ್ಲಿ ಒಮ್ಮೆಯಾದರೂ ಸ್ತನ ಪರೀಕ್ಷೆ ಮಾಡಿಸಿಕೊಂಡವರು ನೂರಕ್ಕೆ ಒಬ್ಬರೂ ಇಲ್ಲ.

ಆಯುರ್ವೇದದ ದೃಷ್ಟಿ

ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ಅರ್ಬುದದ ಲಕ್ಷಣಗಳನ್ನು ವಿವರಿಸಲಾಗಿದೆ. ದುಂಡಗಿನ, ಅಲುಗದ, ಆಳಕ್ಕೆ ಬೇರುಬಿಟ್ಟ, ನಿಧಾನವಾಗಿ ಬೆಳೆಯುವ ಗಂಟು ಅದು. ಅದರಲ್ಲಿ ನೋವು ಅಲ್ಪ, ಕೀವಾಗುವುದಿಲ್ಲ. ದೋಷಗಳು ಕೂಡಿಕೊಳ್ಳುವ ಹಂತದಿಂದ ರೋಗ ಬಲಿಯುವ ಹಂತದವರೆಗೆ ಆರು ಕ್ರಿಯಾಕಾಲಗಳನ್ನೂ ಸುಶ್ರುತರು ಗುರುತಿಸಿದ್ದಾರೆ. ಎಷ್ಟು ಮೊದಲ ಹಂತದಲ್ಲಿ ತಡೆದರೆ ಅಷ್ಟು ಸುಲಭ ಎಂಬುದು ಅದರ ತಾತ್ಪರ್ಯ. ಅರ್ಬುದವನ್ನು ಶೇಷವುಳಿಯದಂತೆ ತೆಗೆಯಬೇಕು, ಉಳಿದರೆ ಮರಳಿ ಬೆಳೆಯುತ್ತದೆ ಎಂಬ ಎಚ್ಚರಿಕೆಯೂ ಅಲ್ಲಿದೆ.

ಆದುದರಿಂದ ಆಯುರ್ವೇದ ವೈದ್ಯರಾಗಿಯೇ ನಾವು ಒಂದು ಮಾತನ್ನು ಸ್ಪಷ್ಟವಾಗಿ ಹೇಳುತ್ತೇವೆ. ಸ್ತನದಲ್ಲಿ ಗಂಟು ಕಂಡಾಗ ಲೇಪ ಹಚ್ಚಿ, ಕಷಾಯ ಕುಡಿದು, ಕರಗುವುದೇನೋ ಎಂದು ತಿಂಗಳುಗಟ್ಟಲೆ ಕಾಯಬೇಡಿರಿ. ಗಂಟು ಯಾವುದೆಂಬುದು ಮೊದಲು ತಿಳಿಯಬೇಕು. ಅದಕ್ಕೆ ವೈದ್ಯರ ಕೈಪರೀಕ್ಷೆ, ಮ್ಯಾಮೊಗ್ರಾಂ ಅಥವಾ ಸ್ಕ್ಯಾನಿಂಗ್, ಸೂಜಿಯಿಂದ ತುಣುಕು ತೆಗೆದು ನೋಡುವ ಬಯಾಪ್ಸಿ ಎಂಬ ಮೂರು ಹಂತಗಳಿವೆ. ಸೂಜಿ ತಾಗಿದರೆ ಕ್ಯಾನ್ಸರ್ ಹರಡುತ್ತದೆಂಬ ಭಯಕ್ಕೆ ಆಧಾರವಿಲ್ಲ. ಪರೀಕ್ಷಿಸಿದ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಆಗಿರುವುದಿಲ್ಲ ಎಂಬುದೂ ಸಮಾಧಾನದ ಸಂಗತಿ. ಕ್ಯಾನ್ಸರ್ ಎಂದು ಖಚಿತವಾದರೆ ಶಸ್ತ್ರಚಿಕಿತ್ಸೆ, ಕಿಮೋಥೆರಪಿ, ವಿಕಿರಣ ಇತ್ಯಾದಿ ಚಿಕಿತ್ಸೆಯೇ ಮುಖ್ಯ. ಹಸಿವು, ನಿದ್ರೆ, ಬಲವರ್ಧನೆಗೆ ಆಯುರ್ವೇದ ನೆರವಾಗಬಹುದು. ಆದರೆ ಕ್ಯಾನ್ಸರ್ ತಜ್ಞರಿಗೆ ತಿಳಿಸದೆ ಯಾವ ಔಷಧಿಯನ್ನೂ ಸೇವಿಸಬಾರದು.

ಗಮನಿಸಬೇಕಾದ ಲಕ್ಷಣಗಳು

ಸ್ತನದಲ್ಲಿ ಅಥವಾ ಕಂಕುಳಲ್ಲಿ ಹೊಸ ಗಂಟು. ಒಂದು ಸ್ತನದ ಆಕಾರ ಅಥವಾ ಗಾತ್ರದಲ್ಲಿ ಬದಲಾವಣೆ. ಚರ್ಮ ಒಳಗೆ ಎಳೆದಂತೆ ಗುಳಿ ಬೀಳುವುದು, ಕಿತ್ತಳೆ ಸಿಪ್ಪೆಯಂತೆ ಒರಟಾಗುವುದು, ಕೆಂಪಾಗುವುದು. ತೊಟ್ಟು ಹೊಸದಾಗಿ ಒಳಸೇರುವುದು, ಅದರಿಂದ ರಕ್ತ ಒಸರುವುದು, ಅದರ ಸುತ್ತ ಮಾಯದ ಹುಣ್ಣಾಗುವುದು. ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ತಮ್ಮ ಸ್ತನದ ಸಹಜ ಸ್ಥಿತಿ ತಮಗೆ ಪರಿಚಿತವಿದ್ದರೆ ಬದಲಾವಣೆ ಬೇಗ ಗೊತ್ತಾಗುತ್ತದೆ. ಮುಟ್ಟು ಆರಂಭವಾದ ಒಂದು ವಾರದ ನಂತರ ಇದಕ್ಕೆ ತಕ್ಕ ಸಮಯ. ಮುಟ್ಟು ನಿಂತವರು ಪ್ರತಿ ಹುಣ್ಣಿಮೆಯ ದಿನವನ್ನು ಗುರುತಿಟ್ಟುಕೊಳ್ಳಬಹುದು. ಸ್ನಾನದ ವೇಳೆ ಮಧ್ಯದ ಮೂರು ಬೆರಳುಗಳನ್ನು ಚಪ್ಪಟೆಯಾಗಿಟ್ಟು, ಇಡೀ ಸ್ತನವನ್ನೂ ಕಂಕುಳನ್ನೂ ಮೃದುವಾಗಿ ಒತ್ತಿ ನೋಡಬೇಕು. ಹಿಸುಕಬಾರದು, ಹಿಸುಕಿದರೆ ಸಹಜ ಮಾಂಸವೂ ಗಂಟಿನಂತೆ ತೋರುತ್ತದೆ. ಆದರೆ ಇಷ್ಟೇ ಸಾಲದು, ತರಬೇತಾದವರ ಪರೀಕ್ಷೆಯೂ ಬೇಕು.

ಕೈಪರೀಕ್ಷೆಯ ಬಲ

ಕೈಪರೀಕ್ಷೆಯನ್ನು ಹಗುರವಾಗಿ ಎಣಿಸಬಾರದು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ಆರಂಭಿಸಿ ಸುಮಾರು ಒಂದೂವರೆ ಲಕ್ಷ ಮಹಿಳೆಯರನ್ನು ಇಪ್ಪತ್ತು ವರ್ಷ ಗಮನಿಸಿದರು. ತರಬೇತಾದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷಿಸಿದವರಲ್ಲಿ ರೋಗವು ಮೊದಲ ಹಂತಗಳಲ್ಲೇ ಪತ್ತೆಯಾಯಿತು. ಐವತ್ತು ದಾಟಿದವರಲ್ಲಿ ಈ ರೋಗದ ಸಾವು ಶೇಕಡಾ 30ರಷ್ಟು ಕಡಿಮೆಯಾಯಿತು.

ಸರ್ಕಾರದ ತಪಾಸಣಾ ಕಾರ್ಯಕ್ರಮದಲ್ಲಿ 30ರಿಂದ 65 ವರ್ಷದ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ ಈ ಪರೀಕ್ಷೆಯಿದೆ. ಗ್ರಾಮದ ಆಶಾ ಕಾರ್ಯಕರ್ತೆಯನ್ನು ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ವಿಚಾರಿಸಿರಿ. ನಲವತ್ತು ದಾಟಿದವರು ಮ್ಯಾಮೊಗ್ರಾಂ ಕುರಿತು ವೈದ್ಯರ ಸಲಹೆ ಪಡೆಯಬೇಕು. ತಾಯಿಗೋ ಅಕ್ಕತಂಗಿಯರಿಗೋ ಈ ರೋಗ ಬಂದಿದ್ದರೆ ಇನ್ನೂ ಮೊದಲೇ ಕೇಳಬೇಕು. ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲದೆ, ಕಲಬುರಗಿಯಲ್ಲಿ ಅದರ ಕೇಂದ್ರವೂ ಇದೆ.

ಸಂಕೋಚ ಬೇಡ

ಹಣಕ್ಕಿಂತಲೂ ದೊಡ್ಡ ಅಡ್ಡಿ ಸಂಕೋಚ. ಗಂಡನಿಗೆ ಹೇಗೆ ಹೇಳಲಿ, ಅತ್ತೆ ಏನೆಂದಾರು, ಮಗಳ ಮದುವೆಗೆ ತೊಡಕಾದೀತೇ ಎಂಬ ಚಿಂತೆಯಲ್ಲಿ ತಿಂಗಳುಗಳು ಕಳೆಯುತ್ತವೆ. ಹನ್ನೆರಡನೆಯ ಶತಮಾನದ ಶರಣರು ಪಂಚಸೂತಕಗಳನ್ನು ನಿರಾಕರಿಸಿದರು, ರಜಸ್ಸೂತಕವೂ ಅವುಗಳಲ್ಲೊಂದು. ಹೆಣ್ಣಿನ ಶರೀರಧರ್ಮದಲ್ಲಿ ಮೈಲಿಗೆಯಿಲ್ಲವೆಂದ ಪರಂಪರೆ ನಮ್ಮದು. ಎದೆಯ ಮೇಲೆ ಇಷ್ಟಲಿಂಗ ಧರಿಸುವ ತಾಯಿ ಅದೇ ಎದೆಯ ರೋಗವನ್ನು ಹೇಳಲು ನಾಚುವಂತಾಗಬಾರದು. ಇದು ಅಂಟುರೋಗವಲ್ಲ, ಪಾಪದ ಫಲವೂ ಅಲ್ಲ.

ಸ್ತನವನ್ನೇ ತೆಗೆದುಬಿಡುತ್ತಾರೆಂಬ ಭಯ ಹಲವರಿಗಿದೆ. ಗಂಟು ಚಿಕ್ಕದಿರುವಾಗ ಬಂದರೆ ಎಷ್ಟೋ ಸಂದರ್ಭಗಳಲ್ಲಿ ಗಂಟನ್ನಷ್ಟೇ ತೆಗೆದು ಸ್ತನವನ್ನು ಉಳಿಸಬಹುದು. ತಡಮಾಡಿದಷ್ಟೂ ಆ ಅವಕಾಶ ಕೈತಪ್ಪುತ್ತದೆ.

ಗಂಡಂದಿರಲ್ಲಿ ನಮ್ಮ ವಿನಂತಿ: ಮನೆಯಾಕೆ ಒಮ್ಮೆ ಹೇಳಿದರೆ ಸಾಕು, ಸುಗ್ಗಿ ಮುಗಿಯಲಿ, ಜಾತ್ರೆ ಮುಗಿಯಲಿ ಎನ್ನದೆ ಜೊತೆಗೆ ಹೋಗಿರಿ. ಅತ್ತೆಯಂದಿರು ಸೊಸೆಯನ್ನು ಕರೆದುಕೊಂಡು ತಾವೂ ಪರೀಕ್ಷೆ ಮಾಡಿಸಿಕೊಂಡರೆ ಕೇರಿಯ ಉಳಿದವರಿಗೂ ಧೈರ್ಯ ಬರುತ್ತದೆ. ಅಕ್ಕನ ಬಳಗಗಳು ತಿಂಗಳ ಸಭೆಗೆ ಒಮ್ಮೆ ಆರೋಗ್ಯ ಕಾರ್ಯಕರ್ತೆಯನ್ನು ಆಹ್ವಾನಿಸಲಿ. ಮೂವತ್ತು ದಾಟಿದ ಪ್ರತಿಯೊಬ್ಬ ತಾಯಿಯೂ ಬರುವ ಹುಣ್ಣಿಮೆಯೊಳಗೆ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಲಿ.